ಟವರ್ ಇಳಿಯಿರಿ ಅಂದ ಮೇಲೂ ಪೈಲಟ್ ಮತ್ತೆ ಮೇಲಕ್ಕೆ ಹೋದದ್ದು ಯಾಕೆ?

ಪ್ರಶ್ನೆ: ನಾನು ಬೆಳಗಾವಿ ಶಹಾಪುರದವನು. ಸೀರೆ ವ್ಯಾಪಾರ. ಜೂನ್ ಕೊನೆಯಲ್ಲಿ ತಾಯಿಯನ್ನು ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿ ವಿಮಾನದಲ್ಲಿ ವಾಪಸು ಬರುತ್ತಿದ್ದೆ. ರೆಕ್ಕೆಯಲ್ಲಿ ಫ್ಯಾನ್ ಇರುವ ಸಣ್ಣ ವಿಮಾನ. ಬೆಳಗಾವಿಯ ವಿಮಾನ ನಿಲ್ದಾಣ ಇರುವ ಸಾಂಬ್ರಾ ಹತ್ತಿರ ಬಂದಾಗ ಬಹಳ ಕುಲುಕಾಟ. ಕೆಳಗೆ ಹೊಲ, ಮನೆ, ರಸ್ತೆ ಎಲ್ಲ ಕಾಣುತ್ತಿದ್ದವು. ಇನ್ನೇನು ಚಕ್ರ ನೆಲಕ್ಕೆ ತಾಗಬೇಕು, ಅಷ್ಟರಲ್ಲಿ ಜೋರು ಸದ್ದು ಮಾಡಿ ವಿಮಾನ ಮತ್ತೆ ಮೇಲಕ್ಕೆ ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹುಡುಗಿ ದನಿಯಲ್ಲಿ, ಗಾಳಿ ನಮ್ಮ ಮಿತಿಗಿಂತ ಜಾಸ್ತಿ ಇತ್ತು, ಇನ್ನೊಮ್ಮೆ ಪ್ರಯತ್ನ ಮಾಡುತ್ತೇವೆ ಅಂತ ಅನೌನ್ಸ್ ಆಯಿತು. ಎರಡನೇ ಸಲ ಇಳಿಯಿತು, ಅದೂ ಧಡ್ ಅಂತ. ತಾಯಿ ಈಗ ವಿಮಾನ ಅಂದರೆ ಬೇಡವೇ ಬೇಡ ಅನ್ನುತ್ತಾರೆ. ನನ್ನ ಪ್ರಶ್ನೆಗಳು ಇವು. ಗಾಳಿ ಜಾಸ್ತಿ ಇದೆ ಅಂತ ಮೊದಲೇ ನೋಡಿಕೊಳ್ಳಬಾರದಿತ್ತಾ? ನನ್ನ ಮೊಬೈಲಿನಲ್ಲೇ ಗಂಟೆಗೆ 40 ಕಿ.ಮೀ. ಅಂತ ತೋರಿಸುತ್ತಿತ್ತು. ಇದನ್ನು ನೋಡುವ ಜವಾಬ್ದಾರಿ ಯಾರದು, ದೊಡ್ಡ ಪೈಲಟ್‌ದೋ, ಕೋ-ಪೈಲಟ್‌ದೋ, ಟವರ್‌ನವರದೋ? ನಮ್ಮ ಭಾವ ಹೇಳುತ್ತಾರೆ, ಟವರ್‌ನವರು ಹೂಂ ಅಂದರೆ ಮಾತ್ರ ಇಳಿಯೋದು, ಪೈಲಟ್ ಕೈಯಲ್ಲಿ ಏನೂ ಇಲ್ಲ, ಅವತ್ತು ಕಲಿಯುವ ಹುಡುಗಿ ಕೈಗೆ ಕೊಟ್ಟಿದ್ದರು, ಅದಕ್ಕೇ ಹಾಗಾಯಿತು ಅಂತ. ಇದು ನಿಜವೇ? ತಾಯಿಯನ್ನು ಮತ್ತೆ ಸೆಪ್ಟೆಂಬರಿನಲ್ಲಿ ಕರೆದುಕೊಂಡು ಹೋಗಬೇಕು.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಒಂದು, ಪೈಲಟ್‌ಗಳು ಗಾಳಿ ನೋಡದೇ ಬಂದರು ಅನ್ನೋದು. ಇನ್ನೊಂದು, ಯಾರು ನೋಡಬೇಕು ಅನ್ನೋದೇ ಅವರಿಗೆ ಗೊತ್ತಿರಲಿಲ್ಲವೇನೋ ಅನ್ನೋದು. ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ಆಗಿ, ಆಮೇಲೆ ಹೊಸಬರಿಗೆ ಹೇಳಿಕೊಡುವವನಾಗಿ ಕೆಲಸ ಮಾಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ನೀವು ವಿವರಿಸಿದ ಘಟನೆಯಲ್ಲಿ ಗಾಳಿಯನ್ನು ಯಾರೋ ಕೊನೆಯ ಕ್ಷಣದವರೆಗೂ ನೋಡುತ್ತಿದ್ದರು. ನೋಡದೇ ಇದ್ದಿದ್ದರೆ ವಿಮಾನ ಮೇಲಕ್ಕೆ ಹೋಗುತ್ತಲೇ ಇರಲಿಲ್ಲ.

ಮೊದಲು ಭಾವನವರ ಮಾತು. ಟವರ್‌ನವರು, ಅಂದರೆ ನಿಲ್ದಾಣದಲ್ಲಿ ಕೂತು ವಿಮಾನಗಳ ಓಡಾಟ ನಿಯಂತ್ರಿಸುವವರು, ಕೊಡುವ ಅನುಮತಿ ಬಹಳ ಸಣ್ಣ ವಿಷಯಕ್ಕೆ. ರನ್‌ವೇ ಮೇಲೆ ಬೇರೆ ವಿಮಾನ, ವಾಹನ ಇಲ್ಲ, ಈಗ ಅದು ನಿಮ್ಮದು, ಇಷ್ಟೇ. ಅದೇ ವಾಕ್ಯದಲ್ಲಿ ಗಾಳಿ ಯಾವ ದಿಕ್ಕಿನಿಂದ ಎಷ್ಟು ನಾಟ್ (ವಿಮಾನದವರು ವೇಗ ಹೇಳುವ ಅಳತೆ) ಅಂತಲೂ ಓದಿ ಹೇಳುತ್ತಾರೆ. ಆದರೆ ಈ ಗಾಳಿಗೆ ನಿಮ್ಮ ವಿಮಾನ ಇಳಿಯಬಹುದಾ ಅನ್ನುವ ಲೆಕ್ಕ ಅವರು ಹಾಕುವುದಿಲ್ಲ, ಹಾಕಲು ಆಗುವುದೂ ಇಲ್ಲ. ಒಂದೇ ಗಾಳಿಗೆ ಒಂದು ವಿಮಾನ ಆರಾಮಾಗಿ ಇಳಿಯಬಹುದು, ಹತ್ತು ನಿಮಿಷ ಹಿಂದೆ ಬಂದ ಇನ್ನೊಂದು ಇಳಿಯದೇ ಹೋಗಬಹುದು. ಬೇರೆ ಕಂಪನಿ, ಬೇರೆ ವಿಮಾನ, ಬೇರೆ ಮಿತಿ. ಇಳಿಯೋದು ಬಿಡೋದು ಪೈಲಟ್‌ಗಳ ತೀರ್ಮಾನ. ಅದರಲ್ಲೂ ಕೊನೆಯ ಮಾತು ಕ್ಯಾಪ್ಟನ್‌ದು. ಅಂತರರಾಷ್ಟ್ರೀಯ ನಿಯಮವೂ ಇದನ್ನೇ ಹೇಳುತ್ತದೆ.

ಹಾಗಾದರೆ ಎಲ್ಲವೂ ಕ್ಯಾಪ್ಟನ್ ತಲೆ ಮೇಲೆ ಅಂತಲೇ? ಅಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಜನರಿಗೆ ತಪ್ಪು ಕಲ್ಪನೆ ಇರೋದು ಇಲ್ಲೇ.

ಕಾಕ್‌ಪಿಟ್‌ನಲ್ಲಿ ಇಬ್ಬರು ಇರುತ್ತಾರೆ. ಪದವಿಯಲ್ಲಿ ಒಬ್ಬರು ಕ್ಯಾಪ್ಟನ್, ಇನ್ನೊಬ್ಬರು ಫಸ್ಟ್ ಆಫೀಸರ್. ಕೋ-ಪೈಲಟ್ ಅಂತ ನಾವು ಅನ್ನುವುದು ಇವರಿಗೇ. ಕೆಲಸದ ಹಂಚಿಕೆ ಬೇರೆ. ಪ್ರತಿ ಹಾರಾಟಕ್ಕೂ ಒಬ್ಬರು ವಿಮಾನ ಹಾರಿಸುತ್ತಾರೆ, ಇನ್ನೊಬ್ಬರು ನಿಗಾ ಇಡುತ್ತಾರೆ. ಹಾರಿಸುವವರು ಕ್ಯಾಪ್ಟನ್ನೇ ಆಗಿರಬೇಕು ಅಂತಿಲ್ಲ. ನಿಗಾ ಇಡುವವರು ರೇಡಿಯೋ ಮಾತಾಡುತ್ತಾರೆ, ಹವಾಮಾನ ಬರೆದುಕೊಳ್ಳುತ್ತಾರೆ, ವೇಗ ಎತ್ತರ ನೋಡುತ್ತಾರೆ, ಹಾರಿಸುವವರು ಎಲ್ಲಿ ದಾರಿ ತಪ್ಪುತ್ತಾರೆ ಅಂತ ಕಾಯುತ್ತಾ ಕೂತಿರುತ್ತಾರೆ. ಇದು ಸಹಾಯಕನ ಕೆಲಸ ಅಂತ ಹೊರಗಿನವರಿಗೆ ಅನಿಸುತ್ತದೆ. ಕಷ್ಟ ನೋಡಿದರೆ ಇದೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಗಾಳಿಯ ಲೆಕ್ಕ ಬೆಂಗಳೂರು ಬಿಡುವ ಮೊದಲೇ ಶುರುವಾಗುತ್ತದೆ. ಹಾರಾಟದ ಯೋಜನೆ ಹಾಕುವ ಕಂಪನಿಯ ಡಿಸ್ಪ್ಯಾಚ್‌ನವರು ಹವಾಮಾನ ವರದಿ ಕೊಡುತ್ತಾರೆ. ಸಾಂಬ್ರಾದಲ್ಲಿ ಇಳಿಯೋಕೆ ಆಗದಿದ್ದರೆ ಎಲ್ಲಿಗೆ ಹೋಗೋದು, ಹುಬ್ಬಳ್ಳಿಗೋ ಗೋವಾಕ್ಕೋ ಬೆಂಗಳೂರಿಗೇ ವಾಪಸ್ಸೋ, ಅದನ್ನೂ ಆಗಲೇ ಬರೆದಿಟ್ಟು, ಅಲ್ಲಿಯವರೆಗೆ ಹೋಗುವಷ್ಟು ಇಂಧನ, ಅದರ ಮೇಲೆ ಇನ್ನೂ 30 ನಿಮಿಷ ಹಾರುವಷ್ಟು ಇಂಧನ ತುಂಬಿಸಿಕೊಳ್ಳುತ್ತಾರೆ. ಕೆಳಗಿಳಿಯುವ ಮೊದಲು ಇತ್ತೀಚಿನ ಗಾಳಿ ತೆಗೆದುಕೊಂಡು ಇಬ್ಬರೂ ಬೇರೆಬೇರೆಯಾಗಿ ಲೆಕ್ಕ ಹಾಕುತ್ತಾರೆ. ಈ ಬೇರೆಬೇರೆ ಅನ್ನೋದು ಮುಖ್ಯ. ಒಬ್ಬರು ಹಾಕಿದ ಲೆಕ್ಕವನ್ನು ಇನ್ನೊಬ್ಬರು ನೋಡಿ ತಲೆ ಆಡಿಸಿದರೆ ಅದು ಎರಡು ಸಲ ನೋಡಿದ ಹಾಗಾಗಲಿಲ್ಲ. ಇಬ್ಬರ ಟ್ಯಾಬ್ಲೆಟ್‌ನಲ್ಲೂ ಬಂದ ಅಂಕಿ ಒಂದೇ ಇದೆಯಾ ಅಂತ ಆಮೇಲೆ ತಾಳೆ ನೋಡುತ್ತಾರೆ.

ಆನಂತರ ಬ್ರೀಫಿಂಗ್, ಅಂದರೆ ಹೇಗೆ ಇಳಿಯೋದು ಅಂತ ಇಬ್ಬರೂ ಮಾತಾಡಿಕೊಳ್ಳೋದು. ಇಲ್ಲಿ ಒಂದು ಮಾತು ಬಾಯಿಬಿಟ್ಟು ಹೇಳಿಕೊಳ್ಳಬೇಕು: ‘ರನ್‌ವೇ ಒದ್ದೆ ಇದೆ, ಇವತ್ತು ನಮ್ಮ ಮಿತಿ ಇಷ್ಟು. ಇದಕ್ಕಿಂತ ಜಾಸ್ತಿ ಕೇಳಿದರೆ ಮೇಲಕ್ಕೆ ಹೋಗೋದು.’ ಹೊಸಬರಿಗೆ ನಾನು ಪದೇ ಪದೇ ಹೇಳುತ್ತಿದ್ದದ್ದು ಇದನ್ನೇ. ಅಂಕಿ ಇಬ್ಬರ ನಡುವೆ ಮೊದಲೇ ನಿಂತಿರಬೇಕು. ಆಗ ಕೊನೆಯ ನಿಮಿಷದಲ್ಲಿ ಇಪ್ಪತ್ತೈದು ವರ್ಷದ ಕೋ-ಪೈಲಟ್ ಐವತ್ತೈದರ ಕ್ಯಾಪ್ಟನ್‌ಗೆ ‘ಸರ್, ಬೇಡ’ ಅನ್ನುವುದು ಎದುರು ಮಾತಾಡಿದಂತೆ ಆಗುವುದಿಲ್ಲ. ಮೊದಲೇ ಒಪ್ಪಿಕೊಂಡ ಅಂಕಿಯನ್ನು ನೆನಪಿಸಿದಂತೆ ಆಗುತ್ತದೆ. ನಮ್ಮ ಕಡೆ ಹಿರಿಯರಿಗೆ ಎದುರಾಡೋದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾಗಿಲ್ಲ.

ಈಗ ನಿಮ್ಮ ಮೊಬೈಲಿನ 40 ಕಿ.ಮೀ. ವಿಷಯ. ಗಂಟೆಗೆ 40 ಕಿ.ಮೀ. ಅಂದರೆ ಸುಮಾರು 22 ನಾಟ್. ಇಳಿಯಬಹುದಾ ಇಲ್ಲವಾ ಅನ್ನೋದು ಈ ಅಂಕಿಯೊಂದರಿಂದ ಗೊತ್ತಾಗಲ್ಲ. ದಿಕ್ಕು ಬೇಕು. ಸಾಂಬ್ರಾದ ರನ್‌ವೇ ಪೂರ್ವ-ಪಶ್ಚಿಮವಾಗಿ ಮಲಗಿದೆ. ಪಶ್ಚಿಮಕ್ಕೆ ಮುಖ ಮಾಡಿ ಇಳಿದರೆ ಅದರ ಹೆಸರು 26, ಅಂದರೆ ದಿಕ್ಸೂಚಿಯಲ್ಲಿ ಸುಮಾರು 260 ಡಿಗ್ರಿ. ಪೂರ್ವಕ್ಕೆ ಮುಖ ಮಾಡಿದರೆ 08. ಮಳೆಗಾಲದಲ್ಲಿ ನಮ್ಮ ಗಾಳಿ ಬರೋದು ಪಶ್ಚಿಮದಿಂದ, ನೈಋತ್ಯದಿಂದ. ಸಹ್ಯಾದ್ರಿ ದಾಟಿ ಬಂದ ಗಾಳಿ ನೇರ ಬಯಲಿಗೆ ಬೀಳುತ್ತದೆ. ಸವದತ್ತಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆದರೆ ಈ ಗಾಳಿ 26ರಲ್ಲಿ ಇಳಿಯುವವರಿಗೆ ಬಹುಪಾಲು ಎದುರುಗಾಳಿ. ಎದುರುಗಾಳಿ ಪೈಲಟ್‌ಗೆ ಗೆಳೆಯ. ನೆಲದ ಮೇಲಿನ ವೇಗ ಕಡಿಮೆ ಮಾಡುತ್ತದೆ, ಬೇಗ ನಿಲ್ಲಲು ಸಹಾಯ ಮಾಡುತ್ತದೆ. ತೊಂದರೆ ಕೊಡುವುದು ಪಕ್ಕದಿಂದ ತಳ್ಳುವ ಅಡ್ಡಗಾಳಿ ಮತ್ತು ಬೆನ್ನಿಗೆ ಬೀಳುವ ಗಾಳಿ.

ಅಡ್ಡಗಾಳಿ ಎಷ್ಟು ಅಂತ ತಿಳಿಯಲು ಪೈಲಟ್‌ಗಳಿಗೆ ಒಂದು ಗಡಿಯಾರದ ಲೆಕ್ಕ ಇದೆ. ಗಾಳಿಯ ದಿಕ್ಕಿಗೂ ರನ್‌ವೇ ದಿಕ್ಕಿಗೂ ಎಷ್ಟು ಡಿಗ್ರಿ ವ್ಯತ್ಯಾಸವೋ ಅಷ್ಟು ನಿಮಿಷ ಅಂತ ಎಣಿಸೋದು. 15 ಅಂದರೆ ಕಾಲು ಗಂಟೆ, ಗಾಳಿಯ ಕಾಲು ಭಾಗ ಅಡ್ಡ. 30 ಅಂದರೆ ಅರ್ಧ. 45 ಅಂದರೆ ಮುಕ್ಕಾಲು. 60 ದಾಟಿದರೆ ಪೂರ್ತಿ ಗಾಳಿಯೇ ಅಡ್ಡ ಅಂತ ಹಿಡಿಯೋದು.

ನಿಮ್ಮ ಹಾರಾಟದಲ್ಲಿ ಏನಾಗಿರಬಹುದು ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅಂಕಿಗಳು ನಾನು ಇಟ್ಟುಕೊಂಡವು. ಒದ್ದೆ ರನ್‌ವೇಗೆ ಕಂಪನಿಯ ಅಡ್ಡಗಾಳಿ ಮಿತಿ 25 ನಾಟ್ ಅಂತಿರಲಿ. ಐದು ನಿಮಿಷ ಮುಂಚೆ ಟವರ್ ಹೇಳಿತು, ಗಾಳಿ 230 ಡಿಗ್ರಿ, 22 ನಾಟ್. ರನ್‌ವೇ 260. ವ್ಯತ್ಯಾಸ 30. ಅರ್ಧ. ಅಡ್ಡಗಾಳಿ 11. ಏನೂ ತೊಂದರೆ ಇಲ್ಲ, ಬನ್ನಿ. ನೆಲ ಹತ್ತಿರ ಬಂದಾಗ ಅದೇ ಟವರ್ ಮತ್ತೆ ಹೇಳಿತು, ಗಾಳಿ 210 ಡಿಗ್ರಿ, 22 ನಾಟ್, ಗಸ್ಟ್ 34. ಅಂದರೆ ನಡುನಡುವೆ 34ರ ತನಕ ಬೀಸುತ್ತಿದೆ. ಈಗ ವ್ಯತ್ಯಾಸ 50. ಸರಾಸರಿ ಗಾಳಿ ಹಿಡಿದರೆ ಅಡ್ಡ 18. ಗಸ್ಟ್ ಹಿಡಿದರೆ 28. ಕ್ಯಾಲ್ಕುಲೇಟರಿನಲ್ಲಿ ಹಾಕಿದರೆ 26 ಬರುತ್ತದೆ. ಗಡಿಯಾರದ ಲೆಕ್ಕ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಅದು ಒಳ್ಳೆಯದೇ. ಎರಡರಲ್ಲೂ ಮಿತಿ ದಾಟಿತು. ನಿಗಾ ಇಡುವವರು ‘ಗೋ-ಅರೌಂಡ್’ (ಇಳಿಯದೇ ಮತ್ತೆ ಮೇಲಕ್ಕೆ ಹೋಗೋಣ) ಅಂದರು, ಹಾರಿಸುವವರು ಪವರ್ ಕೊಟ್ಟರು, ನಿಮಗೆ ಜೋರು ಸದ್ದು ಕೇಳಿಸಿತು. ನಿಮ್ಮ ಮೊಬೈಲಿನಲ್ಲಿ ಇದಿಷ್ಟೂ ಹೊತ್ತು 40 ಕಿ.ಮೀ. ಅಂತಲೇ ಇತ್ತು.

ಹಾಗಾಗಿ, ಮೊದಲೇ ನೋಡಬಾರದಿತ್ತಾ ಅನ್ನುವ ಪ್ರಶ್ನೆಗೆ ಉತ್ತರ: ನೋಡಿದ್ದರು. ಗಾಳಿ ಆಮೇಲೆ ಬದಲಾಯಿತು. ವಿಮಾನ ನಿಲ್ದಾಣದ ಹವಾಮಾನ ವರದಿಯಲ್ಲಿ ಬರೋದು ಹತ್ತು ನಿಮಿಷದ ಸರಾಸರಿ ಗಾಳಿ. ಟವರ್ ಓದಿ ಹೇಳೋದು ಎರಡು ನಿಮಿಷದ ಸರಾಸರಿ. ಗಾಳಿ ಅಳೆಯುವ ಯಂತ್ರ ಇರೋದು ನೆಲದಿಂದ ಹತ್ತು ಮೀಟರ್ ಎತ್ತರದ ಕಂಬದ ಮೇಲೆ, ಒಂದು ಜಾಗದಲ್ಲಿ. ವಿಮಾನದ ಒಳಗಿನ ಪರದೆಯಲ್ಲೂ ಗಾಳಿ ಕಾಣುತ್ತದೆ, ಆದರೆ ಅದು ವಿಮಾನ ಇರುವ ಎತ್ತರದ ಗಾಳಿ. ಸಾವಿರ ಅಡಿ ಮೇಲೆ 40 ನಾಟ್ ಇದ್ದು ರನ್‌ವೇ ಮೇಲೆ 18 ಇರೋದು ಮಾಮೂಲು. ಪರದೆಯ ಅಂಕಿ ನೋಡಿ ಗಾಬರಿ ಬೀಳೋದೂ ತಪ್ಪು, ಅದು ಚೆನ್ನಾಗಿದೆ ಅಂತ ಟವರ್ ಮಾತು ಬಿಡೋದೂ ತಪ್ಪು. ಯಾವ ಅಂಕಿಗೆ ಬೆಲೆ ಕೊಡೋದು ಅನ್ನೋದನ್ನೂ ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು.

ಇನ್ನು ಈ ಮಿತಿ ಅನ್ನೋದು. ಇದು ಎಲ್ಲರಿಗೂ ಒಂದೇ ಅಂಕಿ ಅಂತ ತಿಳಿಯಬೇಡಿ. ವಿಮಾನ ತಯಾರಿಸಿದವರು ಪರೀಕ್ಷೆ ಮಾಡುವಾಗ ಇಷ್ಟು ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಿದ್ದೇವೆ ಅಂತ ಒಂದು ಅಂಕಿ ಕೊಡುತ್ತಾರೆ. ನೀವು ಕೂತಿದ್ದ ಫ್ಯಾನಿನ ವಿಮಾನ ಎಟಿಆರ್ 72 ಆಗಿದ್ದರೆ, ಒಣ ರನ್‌ವೇಗೆ ಆ ಅಂಕಿ 35 ನಾಟ್. ಏರ್‌ಬಸ್ 320ಕ್ಕೆ 33 ನಾಟ್, ಗಸ್ಟ್ ಸೇರಿ 38. ಆ ದಿನ ಅಷ್ಟು ಗಾಳಿ ಸಿಕ್ಕಿತ್ತು, ಅಷ್ಟರಲ್ಲಿ ಇಳಿಸಿದರು, ಇಷ್ಟೇ ಅದರ ಹಿನ್ನೆಲೆ. ಅದಕ್ಕಿಂತ ಜಾಸ್ತಿ ಆದರೆ ವಿಮಾನಕ್ಕೆ ಆಗಲ್ಲ ಅಂತಲೂ ಅಲ್ಲ, ಆಗುತ್ತದೆ ಅಂತಲೂ ಅಲ್ಲ. ಇದರ ಮೇಲೆ ಪ್ರತಿ ಕಂಪನಿ ತನ್ನ ಮಿತಿ ಹಾಕಿಕೊಳ್ಳುತ್ತದೆ. ರನ್‌ವೇ ಒದ್ದೆ ಇದ್ದರೆ ಆ ಮಿತಿಯನ್ನು ಕಡಿಮೆ ಮಾಡುತ್ತಾರೆ. ನೀರು ನಿಂತಿದ್ದರೆ ಇನ್ನೂ ಕಡಿಮೆ ಮಾಡುತ್ತಾರೆ. ಹಾರಿಸುವವರು ಕೋ-ಪೈಲಟ್ ಆಗಿದ್ದರೆ ಅವರಿಗೆ ಬೇರೆ, ಕಡಿಮೆ ಮಿತಿ. ಬೆನ್ನುಗಾಳಿಗೆ ಸಾಮಾನ್ಯವಾಗಿ 10 ನಾಟ್.

ಈ ಅಂಕಿಯನ್ನು ಇಬ್ಬರು ಎರಡು ರೀತಿ ಅರ್ಥ ಮಾಡಿಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ಜರ್ಮನಿಯ ಹ್ಯಾಂಬರ್ಗ್ ಉದಾಹರಣೆ ಇದೆ. 2008ರ ಮಾರ್ಚ್ 1. ಲುಫ್ತಾನ್ಸಾದ ಏರ್‌ಬಸ್ 320, ಚಂಡಮಾರುತದ ದಿನ. ಟವರ್ ಹೇಳಿದ ಗಾಳಿಯಲ್ಲಿ ಗಸ್ಟ್ 47 ನಾಟ್, ಅದೂ ರನ್‌ವೇಗೆ ಹೆಚ್ಚುಕಡಿಮೆ ಅಡ್ಡ. ಹಾರಿಸುತ್ತಿದ್ದವರು 24 ವರ್ಷದ ಕೋ-ಪೈಲಟ್. ನೆಲ ಮುಟ್ಟುವಾಗ ವಿಮಾನ ವಾಲಿ ಎಡ ರೆಕ್ಕೆಯ ತುದಿ ರನ್‌ವೇಗೆ ತಾಗಿತು. ಪೈಲಟ್‌ಗಳು ಮೇಲಕ್ಕೆ ಹೋದರು, ಇನ್ನೊಂದು ರನ್‌ವೇಯಲ್ಲಿ ಇಳಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ವಿಡಿಯೋ ಜಗತ್ತೆಲ್ಲ ಓಡಾಡಿತು. ಆಗಲೂ ಜನ ನಿಮ್ಮ ಭಾವನವರ ಹಾಗೇ, ಹುಡುಗಿ ಕೈಗೆ ಯಾಕೆ ಕೊಟ್ಟರು ಅಂದರು. ತನಿಖೆ ಮಾಡಿದವರು ಆ ಮಾತಿಗೆ ನಿಲ್ಲಲಿಲ್ಲ. ತಯಾರಕರ ಪುಸ್ತಕದಲ್ಲಿದ್ದ ಆ ಪರೀಕ್ಷೆಯ ಅಂಕಿಯನ್ನು ಕೆಲವು ಪೈಲಟ್‌ಗಳು ದಾಟಬಾರದ ಗೆರೆ ಅಂತ, ಇನ್ನು ಕೆಲವರು ಸುಮ್ನೆ ಮಾಹಿತಿ ಅಂತ ಓದುತ್ತಿದ್ದರು ಅನ್ನೋದು ಹೊರಗೆ ಬಂತು. ಒಂದು ಚಕ್ರ ನೆಲಕ್ಕೆ ತಾಗಿದ ಕೂಡಲೇ ಕಂಪ್ಯೂಟರ್ ವಿಮಾನ ಇಳಿಯಿತು ಅಂದುಕೊಂಡು ರೆಕ್ಕೆ ವಾಲಿಸುವ ನಿಯಂತ್ರಣವನ್ನು ಕಡಿಮೆ ಮಾಡುತ್ತಿತ್ತು ಅನ್ನೋದೂ ಬಂತು. ಗಾಳಿಗೆ ಮುಖ ಮಾಡಿದ ಇನ್ನೊಂದು ರನ್‌ವೇಯನ್ನು ಮೊದಲೇ ಕೇಳಬಹುದಿತ್ತು. ಕ್ಯಾಪ್ಟನ್, ಕೋ-ಪೈಲಟ್, ಕಂಪನಿ, ತಯಾರಕರು, ಎಲ್ಲರ ಪಾಲೂ ಅದರಲ್ಲಿತ್ತು.

ಅಂದ ಹಾಗೆ, ನೀವು ಕೇಳಿದ ಆ ದನಿಯ ಬಗ್ಗೆ. ಅನೌನ್ಸ್ ಮಾಡೋದು ಸಾಮಾನ್ಯವಾಗಿ ನಿಗಾ ಇಡುವವರು. ಹಾರಿಸುವವರ ಕೈ ಆ ಹೊತ್ತಿಗೆ ತುಂಬಿರುತ್ತದೆ. ನಮ್ಮ ದೇಶದಲ್ಲಿ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಮಳೆಗಾಲದ ಸೂಚನೆಗಳ ಪ್ರಕಾರ ಕೆಟ್ಟ ಹವೆಯಲ್ಲಿ ಕೋ-ಪೈಲಟ್‌ಗೆ ಲ್ಯಾಂಡಿಂಗ್ ಕೊಡುವ ಹಾಗಿಲ್ಲ. ಹಾಗಾಗಿ ಅವತ್ತು ಹಾರಿಸಿದವರು ಬಹುಶಃ ಕ್ಯಾಪ್ಟನ್, ಮೇಲಕ್ಕೆ ಹೋಗೋಣ ಅಂದವರು ಆ ಹುಡುಗಿ ಇರಬಹುದು. ಅಥವಾ ಆ ಹುಡುಗಿಯೇ ಕ್ಯಾಪ್ಟನ್ ಇದ್ದರೂ ಇರಬಹುದು. ಪೈಲಟ್‌ಗಳಲ್ಲಿ ಮಹಿಳೆಯರ ಪ್ರಮಾಣ ಜಗತ್ತಿನಲ್ಲೇ ಜಾಸ್ತಿ ಇರುವ ದೇಶಗಳಲ್ಲಿ ನಮ್ಮದೂ ಒಂದು. ಇನ್ನು ಕಲಿಯುವವರು ಅನ್ನೋ ಮಾತು: ಪ್ರಯಾಣಿಕರು ಕೂತ ವಿಮಾನದಲ್ಲಿ ಬಲಗಡೆ ಸೀಟಿನಲ್ಲಿ ಕೂರುವವರು ಲೈಸೆನ್ಸ್ ಪಡೆದು, ಆ ವಿಮಾನದ ಮೇಲೇ ತರಬೇತಿ ಮುಗಿಸಿ, ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಕೊಟ್ಟು ಬಂದವರು. ಭಾವನವರಿಗೆ ಇಷ್ಟು ಹೇಳಿ.

ಹಂಚಿಕೊಂಡ ಜವಾಬ್ದಾರಿಗೆ ಒಂದು ಅಪಾಯ ಇದೆ, ಅದನ್ನು ಮುಚ್ಚಿಡೋದು ಸರಿಯಲ್ಲ. ಇಬ್ಬರೂ ನೋಡಬೇಕಾದ್ದನ್ನು ಇಬ್ಬರೂ ಬಿಡಬಹುದು. ಅವರು ನೋಡಿರುತ್ತಾರೆ ಅಂತ ಇವರು, ಇವರು ನೋಡಿರುತ್ತಾರೆ ಅಂತ ಅವರು. 1999ರ ಜೂನ್ 1ರಂದು ಅಮೆರಿಕದ ಲಿಟಲ್ ರಾಕ್‌ನಲ್ಲಿ ಗುಡುಗುಮಳೆಯಲ್ಲಿ ಇಳಿದ ವಿಮಾನವೊಂದು ರನ್‌ವೇ ದಾಟಿ ಹೋಗಿ ಕ್ಯಾಪ್ಟನ್ ಸೇರಿ 11 ಜನ ಸತ್ತರು. ಇಳಿಯುವ ಗಡಿಬಿಡಿಯಲ್ಲಿ ಕಾಕ್‌ಪಿಟ್‌ನಲ್ಲಿ ಅಡ್ಡಗಾಳಿ ಮಿತಿ ಎಷ್ಟು ಅನ್ನೋ ಮಾತು ನಡೆದಿತ್ತು. ಅದೇ ಹೊತ್ತಿನಲ್ಲಿ, ನೆಲ ಮುಟ್ಟಿದ ಮೇಲೆ ರೆಕ್ಕೆ ಮೇಲೆ ಎದ್ದು ನಿಂತು ವಿಮಾನವನ್ನು ನೆಲಕ್ಕೆ ಒತ್ತುವ ಸ್ಪಾಯ್ಲರ್ ಹಲಗೆಗಳನ್ನು ಸಜ್ಜು ಮಾಡೋದು ಇಬ್ಬರಿಗೂ ಮರೆತುಹೋಗಿತ್ತು. ಮಿತಿಯ ಚರ್ಚೆ ಮೇಲೆ ಇರುವಾಗಲೇ ಮುಗಿಯಬೇಕು ಅನ್ನೋದು ಇಂಥ ಕಡೆಯಿಂದಲೇ ಕಲಿತ ಪಾಠ.

ನಮ್ಮವೇ ಎರಡು ಘಟನೆಗಳು ಇನ್ನೂ ನೋವು ಕೊಡುತ್ತವೆ. 2010ರ ಮೇ 22, ಮಂಗಳೂರು. 158 ಜನ ಹೋದರು. ಅಲ್ಲಿ ಗಾಳಿಯ ತೊಂದರೆ ಇರಲಿಲ್ಲ, ವಿಮಾನ ತುಂಬಾ ಎತ್ತರದಲ್ಲಿ, ವೇಗದಲ್ಲಿ ಬರುತ್ತಿತ್ತು. ಕೋ-ಪೈಲಟ್ ಮೇಲಕ್ಕೆ ಹೋಗೋಣ ಅಂತ ಒಂದಲ್ಲ ಮೂರು ಸಲ ಹೇಳಿದ್ದರು. 2020ರ ಆಗಸ್ಟ್ 7, ಕೋಳಿಕ್ಕೋಡ್. ಮಳೆ, ಬೆನ್ನಿಗೆ ಗಾಳಿ, ಅರ್ಧ ರನ್‌ವೇ ದಾಟಿದ ಮೇಲೆ ಚಕ್ರ ತಾಗಿತು. ಇಬ್ಬರೂ ಪೈಲಟ್‌ಗಳು ಸೇರಿ 21 ಜನ ಹೋದರು. ಅಲ್ಲೂ ಕೋ-ಪೈಲಟ್ ಗೋ-ಅರೌಂಡ್ ಅಂದಿದ್ದರು. ನೋಡುವ ಕೆಲಸ ಆಗಿತ್ತು, ಹೇಳುವ ಕೆಲಸವೂ ಆಗಿತ್ತು, ಕೇಳುವ ಕೆಲಸ ಆಗಲಿಲ್ಲ. ಇಬ್ಬರಲ್ಲಿ ಯಾರೇ ಗೋ-ಅರೌಂಡ್ ಅಂದರೂ ಚರ್ಚೆ ಮಾಡದೇ ಮೇಲಕ್ಕೆ ಹೋಗಬೇಕು, ಯಾಕೆ ಏನು ಅನ್ನೋದನ್ನು ಆಮೇಲೆ ಕೇಳಬೇಕು ಅನ್ನುವ ನಿಯಮವನ್ನು ಕಂಪನಿಗಳು ಇಷ್ಟು ಗಟ್ಟಿಯಾಗಿ ಹಿಡಿದಿರುವುದು ಇದಕ್ಕೇ. ಗೋ-ಅರೌಂಡ್ ಮಾಡಿದ್ದಕ್ಕೆ ಪೈಲಟ್‌ಗೆ ದಂಡನೆ ಇಲ್ಲ ಅಂತಲೂ ಇದೆ.

ಮಿತಿ ದಾಟಿದಾಗ ಪೈಲಟ್‌ಗಳ ಮುಂದೆ ಏನೇನು ದಾರಿ ಇರುತ್ತವೆ ಅಂತ ನಿಮಗೆ ಗೊತ್ತಿದ್ದರೆ ಕೂತಲ್ಲಿ ಗಾಬರಿ ಕಡಿಮೆಯಾದೀತು. ಮೇಲೆ ಸುತ್ತುತ್ತಾ ಕಾಯಬಹುದು. ಮಳೆಮೋಡ ಹದಿನೈದು ಇಪ್ಪತ್ತು ನಿಮಿಷದಲ್ಲಿ ದಾಟಿ ಹೋಗುವಂತಿದ್ದರೆ ಇದೇ ಒಳ್ಳೆಯದು. ಆದರೆ ಇಂಧನ ಖರ್ಚಾಗುತ್ತಿರುತ್ತದೆ, ಹುಬ್ಬಳ್ಳಿಗೆ ಹೋಗಲು ಬೇಕಾದ್ದನ್ನು ಮುಟ್ಟುವ ಹಾಗಿಲ್ಲ. ಇನ್ನೊಮ್ಮೆ ಬರಬಹುದು, ನಿಮಗಾದ ಹಾಗೆ. ಎರಡನೇ ಸಲವೂ ಆಗದಿದ್ದರೆ ಮೂರನೆಯದಕ್ಕೆ ಹೋಗೋದು ನನಗೆ ಇಷ್ಟ ಇಲ್ಲ. ಹವೆ ನಿಜವಾಗಿ ಬದಲಾಗದೇ ಸುಮ್ನೆ ಹಠಕ್ಕೆ ಬಂದರೆ ಇಬ್ಬರಿಗೂ ದಣಿವು, ಇಳಿಸಲೇಬೇಕು ಅನ್ನುವ ಒತ್ತಡ.

ಇನ್ನೊಂದು ದಾರಿ, ಎದುರು ತುದಿಯಿಂದ ಬಂದು ಇಳಿಯೋದು. ಇದು ಮೇಲ್ನೋಟಕ್ಕೆ ಸುಲಭ ಅನಿಸುತ್ತದೆ, ಅದಕ್ಕೇ ಇದರ ಬಗ್ಗೆ ಹೆಚ್ಚು ಎಚ್ಚರ ಬೇಕು. ಬೆಂಗಳೂರಿನಿಂದ ಬರುವವರಿಗೆ 26 ನೇರ ಸಿಗುತ್ತದೆ. ಮುಂಬೈ ಕಡೆಯಿಂದ ಬರುವವರಿಗೆ 08 ಹತ್ತಿರ. ಮಳೆಗಾಲದಲ್ಲಿ 08ರಲ್ಲಿ ಇಳಿದರೆ ಪಶ್ಚಿಮದ ಗಾಳಿ ಬೆನ್ನಿಗೆ. ಗಾಳಿಯಲ್ಲಿ 115 ನಾಟ್ ವೇಗದಿಂದ ಬರುವ ವಿಮಾನ 10 ನಾಟ್ ಎದುರುಗಾಳಿಯಲ್ಲಿ ನೆಲದ ಮೇಲೆ 105ರಲ್ಲಿ ಇಳಿಯುತ್ತದೆ. ಅಷ್ಟೇ ಬೆನ್ನುಗಾಳಿಯಲ್ಲಿ 125ರಲ್ಲಿ. ವ್ಯತ್ಯಾಸ 20 ನಾಟ್ ಮಾತ್ರ ಅನಿಸಬಹುದು. ಬ್ರೇಕು ತಡೆಯಬೇಕಾದ ಶಕ್ತಿ ಮಾತ್ರ 40 ಪ್ರತಿಶತಕ್ಕಿಂತ ಜಾಸ್ತಿ ಆಗುತ್ತದೆ, ಯಾಕೆಂದರೆ ಅದು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಮೇಲಿಂದ ರನ್‌ವೇ ಒದ್ದೆ. ಅದೂ ಅಲ್ಲದೆ ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಗಾಳಿ ಅಲ್ಲಿ ಸ್ವಲ್ಪ ತೆಳು, ಮೀಟರಿನಲ್ಲಿ ಅದೇ ವೇಗ ತೋರಿಸಿದರೂ ನಿಜವಾದ ವೇಗ ಕೊಂಚ ಜಾಸ್ತಿ. 2,300 ಮೀಟರ್ ರನ್‌ವೇ ಎಟಿಆರ್‌ಗೆ ಧಾರಾಳ, ಏರ್‌ಬಸ್‌ಗೂ ಸಾಲುತ್ತದೆ. ಆದರೆ ಬೆನ್ನುಗಾಳಿ, ನೀರು, ತಡವಾಗಿ ಚಕ್ರ ತಾಗೋದು, ಈ ಮೂರೂ ಒಟ್ಟಿಗೆ ಬಂದರೆ ಧಾರಾಳ ಅನ್ನೋದು ಕರಗಿ ಹೋಗುತ್ತದೆ.

ಕೊನೆಯ ದಾರಿ, ಬೇರೆ ಊರಿಗೆ ಹೋಗೋದು. ಪ್ರಯಾಣಿಕರಿಗೆ ಕಿರಿಕಿರಿ, ಕಂಪನಿಗೆ ಖರ್ಚು, ಸುರಕ್ಷತೆ ದೃಷ್ಟಿಯಿಂದ ಎಲ್ಲಕ್ಕಿಂತ ಮಾಮೂಲಿ ವಿಷಯ. ಬೆಳಗಾವಿಗೆ ಬಂದ ವಿಮಾನ ತಿರುಗಿ ಹೋಗೋದು ಗಾಳಿಗಿಂತ ಕೆಳಗಿಳಿದ ಮೋಡಕ್ಕೇ ಜಾಸ್ತಿ. ಜುಲೈ, ಆಗಸ್ಟಿನಲ್ಲಿ ಮೋಡ ಮನೆ ಮೇಲೆ ಕೂತಂತೆ ಇರುತ್ತದಲ್ವಾ, ಆ ದಿನಗಳಲ್ಲಿ ರನ್‌ವೇಯೇ ಕಾಣುವುದಿಲ್ಲ.

ಧಡ್ ಅಂತ ಇಳಿದದ್ದರ ಬಗ್ಗೆಯೂ ಹೇಳಿಬಿಡುತ್ತೇನೆ. ಅಡ್ಡಗಾಳಿ ಇರುವಾಗ ವಿಮಾನ ಮೂಗನ್ನು ಗಾಳಿಯ ಕಡೆ ಸ್ವಲ್ಪ ತಿರುಗಿಸಿಕೊಂಡು ಓರೆಯಾಗಿ ಬರುತ್ತದೆ. ತುಂಬಿದ ಕೃಷ್ಣೆಯಲ್ಲಿ ದೋಣಿಯವರು ಎದುರು ದಡ ಸೇರಲು ಹರಿವಿನ ಮೇಲ್ಬದಿಗೆ ಮುಖ ಮಾಡಿ ಹುಟ್ಟು ಹಾಕುತ್ತಾರಲ್ಲ, ಹಾಗೆ. ಅದಕ್ಕೇ ಪಕ್ಕದ ಕಿಟಕಿಯಿಂದ ರನ್‌ವೇ ಕಾಣೋದು. ನೆಲ ಮುಟ್ಟುವ ಹೊತ್ತಿಗೆ ಕಾಲಿನ ಪೆಡಲ್ ಒತ್ತಿ ಮೂಗನ್ನು ನೇರ ಮಾಡಿ, ಗಾಳಿ ಬರುವ ಕಡೆಯ ರೆಕ್ಕೆಯನ್ನು ಸ್ವಲ್ಪ ತಗ್ಗಿಸಿ ಇಳಿಸಬೇಕು. ಆಗ ಮೆತ್ತಗೆ ಇಳಿಸಲು ಹೋಗಿ ರನ್‌ವೇ ಮೇಲೆ ತೇಲುತ್ತಾ ಕೂತರೆ ಗಾಳಿ ಪಕ್ಕಕ್ಕೆ ಒಯ್ಯುತ್ತದೆ, ರನ್‌ವೇಯೂ ಮುಗಿಯುತ್ತಾ ಬರುತ್ತದೆ. ಒದ್ದೆ ರನ್‌ವೇಯಲ್ಲಿ ಟೈರು ನೀರಿನ ಪದರ ಒಡೆದು ನೆಲ ಹಿಡಿಯಬೇಕಾದರೂ ಸ್ವಲ್ಪ ಗಟ್ಟಿಯಾಗೇ ಇಳಿಯಬೇಕು. ನೀವು ಬೈದುಕೊಂಡ ಆ ಲ್ಯಾಂಡಿಂಗನ್ನು ಸಿಮ್ಯುಲೇಟರಿನಲ್ಲಿ ಯಾರಾದರೂ ಮಾಡಿದ್ದರೆ ನಾನು ಒಳ್ಳೆಯ ಅಂಕ ಕೊಡುತ್ತಿದ್ದೆ.

ಸೆಪ್ಟೆಂಬರಿಗೆ ಬರೋಣ. ಆಗ ಮಳೆಗಾಲದ ಪಶ್ಚಿಮ ಗಾಳಿಯ ಜೋರು ಕಡಿಮೆಯಾಗಿರುತ್ತದೆ, ಆದರೆ ಮಧ್ಯಾಹ್ನದ ಮೇಲೆ ಗುಡುಗುಮಳೆ ಬರಬಹುದು. ಏಪ್ರಿಲ್, ಮೇ ತಿಂಗಳ ಅವಕಾಳಿ ಮಳೆಯಲ್ಲೂ ಇದೇ ಕಥೆ. ಗುಡುಗುಮೋಡದ ಅಡಿಯಿಂದ ನುಗ್ಗುವ ಗಾಳಿ ನಿಮಿಷದಲ್ಲಿ ದಿಕ್ಕು ಬದಲಿಸುತ್ತದೆ, ಪೈಲಟ್‌ಗಳು ಹೆದರೋದು ಅದಕ್ಕೇ ಜಾಸ್ತಿ. ಬೆಳಿಗ್ಗೆಯ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ. ತಾಯಿಯವರಿಗೆ ರೆಕ್ಕೆ ಹತ್ತಿರದ ಸೀಟು ತೆಗೆದುಕೊಳ್ಳಿ, ಕುಲುಕಾಟ ಅಲ್ಲಿ ಕಡಿಮೆ ಗೊತ್ತಾಗುತ್ತದೆ, ಬಾಲದ ಕಡೆ ಬೇಡ. ಡಾಕ್ಟರ ಅಪಾಯಿಂಟ್‌ಮೆಂಟ್ ಇರುವ ದಿನವೇ ಹೋಗುವ ಬದಲು ಹಿಂದಿನ ದಿನ ಹೋಗಿ. ವಿಮಾನವೇ ಬೇಡ ಅಂತ ಅವರು ಹಠ ಹಿಡಿದರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿಕೊಂಡು ಹೋಗೋದೂ ಏನು ಕೆಟ್ಟದ್ದಲ್ಲ. ಅದರಲ್ಲಿ ಒತ್ತಾಯ ಮಾಡಬೇಡಿ.

ವಿಮಾನದಲ್ಲೇ ಬಂದರೆ ತಾಯಿಯವರ ಮಾತ್ರೆಗಳನ್ನು, ಡಾಕ್ಟರ ಚೀಟಿಯನ್ನು, ಒಂದಿಷ್ಟು ತಿನ್ನೋದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಬ್ಯಾಗಿನಲ್ಲಿ ಹಾಕಿ ಕೊಟ್ಟುಬಿಡಬೇಡಿ. ಹುಬ್ಬಳ್ಳಿಗೆ ತಿರುಗಿಸಿದರೆ ಕೆಲವೊಮ್ಮೆ ಹವೆ ತಿಳಿಯಾಗುವ ತನಕ ವಿಮಾನದಲ್ಲೇ ಕೂರಿಸುತ್ತಾರೆ, ಕೆಲವೊಮ್ಮೆ ಇಳಿಸಿ ರಸ್ತೆ ಮೇಲೆ ಕಳಿಸುತ್ತಾರೆ. ಅಲ್ಲಿಂದ ಬೆಳಗಾವಿಗೆ ಹೈವೇಯಲ್ಲಿ ಸುಮಾರು ಎರಡು ತಾಸಿನ ದಾರಿ. ಯಾವುದಾಗುತ್ತದೆ ಅಂತ ಗಗನಸಖಿಯರನ್ನು ಕೇಳಿ, ಕಾಕ್‌ಪಿಟ್‌ನಿಂದ ತಿಳಿದುಕೊಂಡು ಹೇಳುತ್ತಾರೆ.